ಎರಡೇ ಎರಡು ತೂತು

ಭಾನುವಾರ ಊಟ ಮುಗಿಸಿ ಚಾಪೆ ಬಿಡಿಸುವ ಹೊತ್ತಿಗೇ ಭಾವನ ಫೋನು ಬರಬೇಕು. "ನಿನ್ನಲ್ಲಿ ಡ್ರಿಲ್ಲಿಂಗ್ ಮೆಷಿನ್ ಉಂಟಲ್ಲ ಮಾರಾಯ, ಎರಡು ತೂತು ಕೊರೆದು ಸಂಜೆಗೆ ಕೊಡ್ತೇನೆ." ಎರಡೇ ತೂತು ಎಂದು ಒಯ್ದವರು ಎರಡಕ್ಕೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಸಂಜೆಗೆ ಕೊಟ್ಟದ್ದನ್ನಂತೂ ಕೇಳಿಯೂ ಇಲ್ಲ.

ಏಣಿ ಒಯ್ದವ ಏಣಿಯನ್ನೇ ತರುತ್ತಾನೆ. ಡ್ರಿಲ್ ಒಯ್ದವ ಮಾತ್ರ ಚಕ್ ಕೀ, ಅಂದರೆ ಕೊರೆಯುವ ಬಿಟ್ಟನ್ನು ಮೆಷಿನ್ನಿನ ಮೂತಿಯಲ್ಲಿ ಬಿಗಿಯುವ ಕೀಲಿ, ಇಲ್ಲದ ಡ್ರಿಲ್ ತರುತ್ತಾನೆ. ಕೇಳಿದರೆ, "ಅದಕ್ಕೆ ಕೀ ಇತ್ತಾ?" ಇಲ್ಲದೆ ಮತ್ತೇನು, ಬಿಟ್ಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿದ್ದಾ? ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೀಯನ್ನು ವಯರಿಗೇ ಕಟ್ಟಿ ಕೊಟ್ಟಿರುತ್ತೇನೆ. ಬರುವಾಗ ಕೀಯೂ ಇಲ್ಲ, ಟ್ಯೂಬೂ ಇಲ್ಲ.

ಭಾವನ ಮನೆ ಕಾಸರಗೋಡಿನ ಬದಿಯಡ್ಕದ ಆಚೆ, ಅವರ ಅಜ್ಜ ಕಟ್ಟಿಸಿದ ಕೆಂಪುಕಲ್ಲಿನ ಮನೆ. ಈ ಕಲ್ಲನ್ನು ಹೊಗಳಿದ್ದು ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್. 1801ರಲ್ಲಿ ನಮ್ಮ ಚಂದ್ರಗಿರಿ ಹೊಳೆ ದಾಟಿ ಮಂಗಳೂರಿನ ಕಡೆ ಹೋದ ಮನುಷ್ಯ. ನೆಲದಿಂದ ತೆಗೆಯುವಾಗ ಕತ್ತಿಯಲ್ಲಿ ಕೆತ್ತುವಷ್ಟು ಮೆತ್ತಗೆ, ಗಾಳಿಗಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ ಎಂದು 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಬರೆದ. ಸರಿಯೇ. ಆದರೆ ಅವನು ಅದಕ್ಕೆ ಆರು ಎಂಎಂ ಬಿಟ್ ಹಾಕಿ ನೋಡಿದವನಲ್ಲ. ಒಂದೇ ಕಲ್ಲಿನೊಳಗೆ ಇಲ್ಲಿ ಕಬ್ಬಿಣದಂಥ ಗಂಟು, ಬೆರಳಗಲ ಆಚೆ ಹಳದಿ ಜೇಡಿ. ಗಂಟಿಗೆ ತಾಗಿದರೆ ಬಿಟ್ ಪಕ್ಕಕ್ಕೆ ಜಾರುತ್ತದೆ, ಜೇಡಿಗೆ ತಾಗಿದರೆ ಚಕ್ಕಿನವರೆಗೂ ಒಳಗೆ. ಬಡಿಯುತ್ತಾ ಕೊರೆಯುವ ಹ್ಯಾಮರ್ ಆಫ್ ಮಾಡಿ ಮೆಲ್ಲ ಕೊರೆಯಿರಿ ಎಂದರೆ ಯಾರು ಕೇಳ್ತಾರೆ? ಗಡಗಡ ಸದ್ದು ಬರದಿದ್ದರೆ ಕೆಲಸ ಆಗಲಿಲ್ಲ ಎಂದೇ ಲೆಕ್ಕ. ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಎಂಬಿಬ್ಬರು ಪಿಸ್ತೂಲಿನ ಮಾದರಿಯಲ್ಲಿ ಹಿಡಿಯನ್ನೂ ಬೆರಳಲ್ಲಿ ಒತ್ತುವ ಕುದುರೆಯನ್ನೂ ಇಟ್ಟು 1917ರಲ್ಲಿ ಡ್ರಿಲ್ಲಿಗೆ ಪೇಟೆಂಟ್ ಪಡೆದದ್ದೇ ತಪ್ಪಾಯಿತೋ ಏನೋ. ಮೆಷಿನ್ ಕೈಗೆ ಬಂದ ಕೂಡಲೇ ಭಾವ ಒಂದು ಕಾಲು ಮುಂದಿಟ್ಟು, ಒಂದು ಕಣ್ಣು ಮುಚ್ಚುತ್ತಾರೆ.

ಆಗಬೇಕಾದ್ದು ಅವರ ಅಪ್ಪನ ಫೋಟೋ ಹಾಕುವ ಕೆಲಸ. ಆರು ಎಂಎಂ ತೂತಿನಲ್ಲಿ ಸ್ಕ್ರೂ ತಿರುಗಿಸಿದರೆ ತೂತಿಗೆ ತುರುಕಿದ ಪ್ಲಾಸ್ಟಿಕ್ ಪ್ಲಗ್ಗೂ ಜತೆಗೆ ತಿರುಗಿತು. ಎಂಟಕ್ಕೆ ದೊಡ್ಡದು ಮಾಡಿದರು, ಸ್ಕ್ರೂ ಪ್ಲಗ್ಗಿನ ಸಮೇತ ಕೈಗೇ ಬಂತು. ಹತ್ತು ಹಾಕಿದ ಮೇಲೆ ಗಾರೆಯೇ ಹಪ್ಪಳದಷ್ಟಗಲ ಕಳಚಿ ಬಿತ್ತು, ಬಿದ್ದದ್ದೂ ಅಕ್ಕ ಅಲ್ಲೇ ಕೆಳಗೆ ಹರವಿದ್ದ ಹಲಸಿನ ಹಪ್ಪಳದ ಮೇಲೆ. ಕೆಂಪು ಧೂಳು ಕೂತ ಹಸಿ ಹಪ್ಪಳವನ್ನು ಒರೆಸಲಾಗದು, ತೊಳೆಯಲಾಗದು. ಅಕ್ಕ ಆಡಿದ್ದನ್ನು ಇಲ್ಲಿ ಬರೆಯಲಾಗದು. ಭಾವ ಮರದ ಬೆಣೆ ಹೊಡೆದರು, ಸಿಮೆಂಟ್ ಮೆತ್ತಿದರು, ಕೊನೆಗೆ ಆ ಜಾಗಕ್ಕೆ ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್ ಮುಚ್ಚುವುದೆಂದು ತೀರ್ಮಾನವಾಯಿತು. ಕ್ಯಾಲೆಂಡರ್ ತೂಗಲು ಗೇಣು ಮೇಲೆ ಒಂದು ಮೊಳೆ ಬೇಕು. ಮತ್ತೆ ಮೆಷಿನ್.

ಇಷ್ಟಕ್ಕೂ ಅದೇ ಗೋಡೆಯಲ್ಲಿ ಅಜ್ಜ ಕಲ್ಲು ಕಟ್ಟಿಸುವಾಗಲೇ ಇಡಿಸಿದ ಮರದ ಗೂಟಗಳಿವೆ. ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ತೋಟಕ್ಕೆ ಹೋಗುವಾಗಿನ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಮೂರನೆಯದು ಖಾಲಿ. ಎಳೆದರೆ ಮನುಷ್ಯನೇ ತೂಗಬಹುದು, ಅಷ್ಟು ಗಟ್ಟಿ. ಅದಕ್ಕೇ ಹಾಕಬಾರದಾ ಎಂದೆ.

ಭಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಪ್ಪನನ್ನು ಗೂಟಕ್ಕೆ ಸಿಕ್ಕಿಸುವುದಾ?"

ಹಾಗಾಗಿ ಹಿರಿಯರು ಸದ್ಯ ಫ್ರಿಜ್ಜಿನ ಮೇಲೆ, ಸ್ಟೆಬಿಲೈಸರಿನ ಪಕ್ಕ ಒರಗಿ ಕೂತಿದ್ದಾರೆ. ಕರೆಂಟು ಹೋಗಿ ಬಂದಾಗಲೆಲ್ಲ ಒಮ್ಮೆ ನಡುಗುತ್ತಾರೆ.