ಪಾಪ, ಒಣಗಿತ್ತು, ಸ್ವಲ್ಪ ಹಾಕ್ದೆ

ಗಿಡಕ್ಕೆ ನೀರು ಹಾಕಿದ್ದು ಯಾರು ಎಂದು ಮನೆಯಲ್ಲಿ ಕೇಳಿ ನೋಡಿ. ಯಾರೂ ಹಾಕಿರುವುದಿಲ್ಲ. ಕುಂಡದ ಕೆಳಗಿನ ತಟ್ಟೆ ತುಂಬಿ ತುಳುಕಿ, ನೆಲದ ಮೇಲೆ ಹರಿದು, ಮರದ ಸ್ಟ್ಯಾಂಡಿನ ಕಾಲು ನೆನೆದು ಊದಿಕೊಂಡಿರುತ್ತದೆ. ಆದರೂ ಯಾರೂ ಹಾಕಿರುವುದಿಲ್ಲ. ಎರಡನೇ ಸಲ ದನಿ ಏರಿಸಿ ಕೇಳಿದಾಗ ಯಾವುದೋ ಮೂಲೆಯಿಂದ ಮೆಲ್ಲಗೆ ಬರುತ್ತದೆ: "ಪಾಪ, ಒಣಗಿತ್ತು. ಸ್ವಲ್ಪೇ ಸ್ವಲ್ಪ ಹಾಕ್ದೆ."

ಮನೆಯೊಳಗಿನ ಗಿಡಗಳನ್ನು ಈ "ಪಾಪ" ಕೊಂದಷ್ಟು ಯಾವ ಹುಳವೂ ಕೊಂದಿರಲಾರದು. ಬೇರಿಗೆ ನೀರು ಬೇಕು, ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಗಾಳಿಯಾಡಿದರೆ ತಾನೇ ಅದಕ್ಕೆ ಆಮ್ಲಜನಕ? ಆ ಸಂದಿಗಳಲ್ಲೆಲ್ಲ ನೀರು ದಿನಗಟ್ಟಲೆ ನಿಂತರೆ ಬೇರು ಉಸಿರುಗಟ್ಟುತ್ತದೆ, ಪಿಥಿಯಂನಂಥ ಕೊಳೆರೋಗದ ಸೂಕ್ಷ್ಮಜೀವಿಗಳು ಮುತ್ತಿಕೊಳ್ಳುತ್ತವೆ. ಆಮೇಲೆ ಗಿಡ ಬಾಡುತ್ತದೆ. ನೀರು ಹೀರುವ ಬೇರೇ ಉಳಿಯದ ಮೇಲೆ ಕೆಸರಿನಲ್ಲಿ ನಿಂತುಕೊಂಡೇ ಬಾಯಾರಿ ಬಾಡುತ್ತದೆ. ಬಾಡಿದ್ದು ಕಣ್ಣಿಗೆ ಬಿದ್ದದ್ದೇ ತಡ, ಇನ್ನೊಂದು ಲೋಟ ಬಂತು.

ಪ್ರತಿ ಮನೆಯಲ್ಲೂ ಒಬ್ಬರು ಲೋಟದವರು ಇದ್ದೇ ಇರುತ್ತಾರೆ. ಇವರಿಗೆ ಗಿಡದ ಹುಚ್ಚೇನೂ ಇಲ್ಲ. ಕುಂಡ ತಂದವರು ಇವರಲ್ಲ, ಮಣ್ಣು ಬದಲಿಸಿದವರು ಇವರಲ್ಲ, ಹಿಟ್ಟುತಿಗಣೆ ಬಂದಾಗ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿಕೊಂಡು ಎಲೆಯ ಕಂಕುಳು ಕಂಕುಳು ಒರೆಸುತ್ತ ಕೂತವರೂ ಇವರಲ್ಲ. ಇವರ ತೊಂದರೆ ಇಷ್ಟೇ: ಕುಡಿದು ಮಿಕ್ಕ ನೀರನ್ನು ಸಿಂಕಿಗೆ ಚೆಲ್ಲಲು ಕೈ ಬಾರದು. ಸಿಂಕ್ ದೂರ, ಪೀಸ್ ಲಿಲಿಯ ಕುಂಡ ಹತ್ತಿರ. ಸಿಂಕಿಗೆ ಚೆಲ್ಲಿದರೆ ಪೋಲು, ಗಿಡಕ್ಕೆ ಚೆಲ್ಲಿದರೆ ಪುಣ್ಯ. ಮಾತ್ರೆ ನುಂಗಿ ಉಳಿದದ್ದು, ರಾತ್ರಿ ತಲೆದೆಸೆಯಲ್ಲಿಟ್ಟು ಬೆಳಿಗ್ಗೆ ಹಾಗೇ ಉಳಿದದ್ದು, ಬಂದವರು ಒಂದು ಗುಟುಕು ಕುಡಿದು ಬಿಟ್ಟದ್ದು, ಎಲ್ಲವೂ ಕುಂಡಕ್ಕೆ. ಅದೂ ಒಂದೇ ಕುಂಡಕ್ಕೆ, ಓಡಾಡುವ ದಾರಿಯಲ್ಲಿ ಕೈಗೆ ಸಿಗುವುದು ಯಾವುದೋ ಅದಕ್ಕೆ. ಮೇಲೆ ನೇತುಹಾಕಿದ ಸ್ಪೈಡರ್ ಪ್ಲಾಂಟ್ ನಿಜಕ್ಕೂ ಒಣಗಿ ಸುರುಟಿಕೊಂಡಿದ್ದರೂ ಇವರಿಗೆ ಪಾಪ ಅನ್ನಿಸುವುದಿಲ್ಲ. ಅಷ್ಟೆತ್ತರಕ್ಕೆ ಕರುಣೆ ಏರುವುದಿಲ್ಲ.

ಲೆಕ್ಕ ಹಾಕಿ. 15 ಸೆಂಟಿಮೀಟರ್ ಅಗಲದ ಕುಂಡ ಹಿಡಿಯುವುದು ಒಂದೂವರೆಯಿಂದ ಎರಡು ಲೀಟರಿನಷ್ಟು ಮಣ್ಣು. ಒಂದು ಸಲ ಚೆನ್ನಾಗಿ ನೆನೆಯಲು ಅದಕ್ಕೆ ಹೆಚ್ಚುಕಮ್ಮಿ ಅರ್ಧ ಲೀಟರ್ ನೀರು ಸಾಕು, ಆಮೇಲೆ ವಾರದ ತನಕ ಅದರ ತಂಟೆಗೆ ಹೋಗಬೇಕಾಗಿಲ್ಲ. ಲೋಟದವರು 150 ಮಿಲಿಲೀಟರಿನಂತೆ ದಿನಕ್ಕೆ ಮೂರು ಸಲ ಸುರಿದರೆ ವಾರದ ನೀರು ಒಂದೇ ದಿನದಲ್ಲಿ ಮುಗಿಯಿತು. ನಾಳೆ ಮತ್ತೆ ಮೂರು.

ಪೀಸ್ ಲಿಲಿಯದೂ ತಪ್ಪಿದೆ ಅನ್ನಿ. ನೀರು ಸಾಲದಿದ್ದರೆ ಎಲ್ಲ ಎಲೆಗಳನ್ನೂ ಒಟ್ಟಿಗೆ ನೆಲಕ್ಕೆ ಇಳಿಬಿಟ್ಟು ಇನ್ನೇನು ಪ್ರಾಣ ಹೋಯಿತು ಅನ್ನಿಸಿಬಿಡುತ್ತದೆ. ನೀರು ಬಿದ್ದ ಕೆಲವೇ ಗಂಟೆಗಳಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ನೆಟ್ಟಗಾಗುತ್ತದೆ. ಒಮ್ಮೆ ಈ ಪವಾಡ ಕಣ್ಣಾರೆ ಕಂಡ ಲೋಟದವರನ್ನು ತಡೆಯುವವರಿಲ್ಲ. ಅವರೀಗ ಜೀವದಾನಿಗಳು. ಕುಂಡಕ್ಕೆ "ನೀರು ಹಾಕಬೇಡಿ" ಎಂದು ಚೀಟಿ ಅಂಟಿಸಿದರೆ ಅದು ಮನೆಯ ಉಳಿದವರಿಗೆ ಬರೆದದ್ದು ಎಂದುಕೊಳ್ಳುತ್ತಾರೆ.

ಸದಾ ಒದ್ದೆಯಾಗಿರುವ ಮೇಲ್ಮಣ್ಣಿನಲ್ಲಿ ಸಣ್ಣ ಕಪ್ಪು ಗುಂಗಾಡುಗಳು ಮೊಟ್ಟೆ ಇಡುತ್ತವೆ. ಮರಿಗಳು ಮೇಲಿನ 3–5 ಸೆಂಟಿಮೀಟರಿನಲ್ಲೇ ಇರುತ್ತವೆ. ಅಷ್ಟನ್ನು ಪೂರ್ತಿ ಒಣಗಲು ಬಿಟ್ಟರೆ ಅವುಗಳ ಕಥೆ ಮುಗಿಯಿತು. ಹಾರಾಡುವ ದೊಡ್ಡವನ್ನು ಹಿಡಿಯಲು ಹಳದಿ ಅಂಟುಕಾಗದ ಸಾಕು. ಆದರೆ ಈ ಗುಂಗಾಡುಗಳು ಮುಖದ ಸುತ್ತ ಸುತ್ತತೊಡಗಿದಾಗ ಮೊದಲು ಗೊಣಗುವವರು ಯಾರು? "ನಿಮ್ಮ ಗಿಡದಿಂದ ಮನೆ ತುಂಬ ಹುಳ." ನೀರು ಹಾಕುವಾಗ ನಮ್ಮ ಗಿಡ, ಹುಳ ಬಂದಾಗ ನಿಮ್ಮ ಗಿಡ.

ನೀರು ಹಾಕುವುದೇನು ಬ್ರಹ್ಮವಿದ್ಯೆಯಲ್ಲ. ತೋರುಬೆರಳನ್ನು ಎರಡನೇ ಗಿಣ್ಣಿನವರೆಗೆ, ಅಂದರೆ 5 ಸೆಂಟಿಮೀಟರಿನಷ್ಟು, ಮಣ್ಣಿಗೆ ಇಳಿಸಿ. ತಣ್ಣಗೆ ಒದ್ದೆ ತಾಗಿದರೆ ಲೋಟ ಕೆಳಗಿಡಿ. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವವರೆಗೆ ಧಾರಾಳವಾಗಿ ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್‌ಗಳಿಗೆ ಮಾತ್ರ ಕುಂಡದ ತಳದವರೆಗೂ ಒಣಗಬೇಕು. ಒಂದರ ದಪ್ಪ ಎಲೆಯಲ್ಲಿ, ಇನ್ನೊಂದರ ಗಡ್ಡೆಯಲ್ಲಿ ನೀರಿನ ದಾಸ್ತಾನು ಇರುತ್ತದೆ. ಕೈ ಪಳಗಿದವರು ಬೆರಳನ್ನೂ ಇಳಿಸುವುದಿಲ್ಲ, ಕುಂಡ ಎತ್ತಿ ಭಾರ ನೋಡಿ ಹೇಳುತ್ತಾರೆ. "ವಾರಕ್ಕೊಮ್ಮೆ ಒಂದು ಲೋಟ" ಎಂದು ಗಿಡದ ಕತ್ತಿಗೆ ತೂಗುಹಾಕಿದ ಚೀಟಿಯನ್ನು ಮೊದಲು ಕಿತ್ತೆಸೆಯಿರಿ. ಅದೇ ಗಿಡ ಕಿಟಕಿಯ ಬಿಸಿಲಲ್ಲಿ ಮೂರು ದಿನಕ್ಕೆ ಒಣಗುತ್ತದೆ, ಮೂಲೆಯಲ್ಲಿ ಎರಡು ವಾರ ಒದ್ದೆಯಾಗೇ ಇರುತ್ತದೆ. ಕ್ಯಾಲೆಂಡರ್ ನೋಡಿ ಯಾವ ಬೇರೂ ನೀರು ಕುಡಿಯುವುದಿಲ್ಲ.

ಮೂಲೆಗೊಂದು ಗಿಡ ಇಟ್ಟರೆ ಚೆಂದ ಎನ್ನುವವರು ಬೇರೆ ಇದ್ದಾರೆ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ; ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ದೀಪ ಹಾಕಿದ ಕೋಣೆಯ ನಡುವೆ ಸಿಗುವುದು ಕೆಲವು ನೂರು. ನಮ್ಮ ಕಣ್ಣು ಹೇಗೋ ಹೊಂದಿಕೊಂಡು "ಬೆಳಕಿದೆಯಲ್ಲ" ಅನ್ನುತ್ತದೆ, ಎಲೆಗೆ ಆ ಸೌಲಭ್ಯವಿಲ್ಲ. ಎಲೆಯಿಂದ ಒಂದಡಿ ಮೇಲೆ ಅಂಗೈ ಹಿಡಿದು ನೋಡಿ: ನೆರಳಿನಲ್ಲಿ ಬೆರಳುಗಳು ಬೇರೆಬೇರೆಯಾಗಿ ಕಂಡರೆ ಬೆಳಕು ಸಾಕು, ಮಸುಕು ಕಲೆ ಮಾತ್ರ ಬಿದ್ದರೆ ಕಮ್ಮಿ, ನೆರಳೇ ಇಲ್ಲದಿದ್ದರೆ ಅಲ್ಲಿ ಪ್ಲಾಸ್ಟಿಕ್ ಗಿಡ ಇಡಿ. "ಕತ್ತಲಲ್ಲೂ ಬೆಳೆಯುತ್ತದೆ" ಎಂದು ಮಾರುವ ಗಿಡಗಳು ಕತ್ತಲಲ್ಲಿ ಬೆಳೆಯುವುದಿಲ್ಲ. ಸಾಯುವುದಕ್ಕೆ ಉಳಿದವಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ, ಅಷ್ಟೇ.

ಅಲಂಕಾರದ ಕುಂಡಗಳ ವಿಷಯ ಎತ್ತಿದರೆ ಸಿಟ್ಟು ನೆತ್ತಿಗೇರುತ್ತದೆ. ಬಣ್ಣ, ಹೊಳಪು, ಚಿತ್ತಾರ ಎಲ್ಲ ಇರುತ್ತದೆ, ಕೆಳಗೆ ಒಂದು ತೂತಿರುವುದಿಲ್ಲ. ಕೇಳಿದರೆ "ತಳಕ್ಕೆ ಒಂದಿಷ್ಟು ಕಲ್ಲು ಹಾಕಿ, ನೀರು ಬಸಿಯುತ್ತೆ" ಅನ್ನುತ್ತಾರೆ. ಬಸಿದು ಎಲ್ಲಿಗೆ ಹೋಗಬೇಕು? ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿಯ ಕಲ್ಲಿಗೆ ನೀರು ಸುಲಭವಾಗಿ ಇಳಿಯುವುದೂ ಇಲ್ಲ; ಮಣ್ಣು ಪೂರ್ತಿ ತೊಯ್ದು ಹಿಡಿಯಲಾರದಷ್ಟಾದ ಮೇಲೇ ಇಳಿಯುತ್ತದೆ. ಕಲ್ಲು ಹಾಕಿದ್ದರಿಂದ ಆದದ್ದೇನೆಂದರೆ, ತಳದಲ್ಲಿರಬೇಕಾದ ಕೆಸರು ನಾಲ್ಕು ಬೆರಳು ಮೇಲೆ, ಬೇರಿನ ಹತ್ತಿರಕ್ಕೆ ಬಂತು. ತೂತಿರುವ ಸಾದಾ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು ಅದನ್ನೇ ಈ ಶೋಕಿ ಕುಂಡದೊಳಗೆ ಕೂರಿಸಿ. ನೀರು ಹಾಕುವಾಗ ಹೊರತೆಗೆದು ಸಿಂಕಿನಲ್ಲಿಟ್ಟು ಹಾಕಿ, ಸೋರಿ ನಿಂತ ಮೇಲೆ ಒಳಗಿಡಿ. ಮಣ್ಣಿನ ಮೇಲೆ ಬಣ್ಣದ ಕಲ್ಲು ಹಾಸಿ ಗೋಂದು ಹಾಕಿ ಅಂಟಿಸಿ ಮಾರುವವರೂ ಇದ್ದಾರೆ. ಬೆರಳು ಎಲ್ಲಿಗೆ ಇಳಿಸುವುದು ಸ್ವಾಮಿ?

ಇನ್ನು ಗಿಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಎನ್ನುವ ಮಾತು. 1989ರಲ್ಲಿ ನಾಸಾ ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು ಮಾಡಿದ ಪ್ರಯೋಗವನ್ನು ಇವತ್ತಿಗೂ ಉರುಹೊಡೆದು ಒಪ್ಪಿಸುತ್ತಾರೆ. ಅಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಮತ್ತೆ ತೆಗೆದು ನೋಡಿದ 2019ರ ಅಧ್ಯಯನದ ಪ್ರಕಾರ, ಕಟ್ಟಡದಲ್ಲಿ ಗಾಳಿ ತಾನಾಗಿ ಬಂದುಹೋಗುವಾಗ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಕಿಟಕಿ ತೆಗೆಯುವುದು ಸುಲಭ. ಆದರೆ ಚದರ ಮೀಟರಿಗೆ ಹತ್ತು ಗಿಡ ಇಟ್ಟರೆ ಲೋಟದವರಿಗೆ ಓಡಾಡಲು ಜಾಗ ಇರುವುದಿಲ್ಲ, ಆ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಮಣ್ಣಿನಿಂದ ಕೊಳೆತ ವಾಸನೆ ಬಂತೆಂದರೆ ತಡ ಮಾಡಬೇಡಿ. ಗಿಡವನ್ನು ಬೇರುಸಮೇತ ಹೊರತೆಗೆದು ತೊಳೆಯಿರಿ. ಒಳ್ಳೆಯ ಬೇರು ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಕೈಗೆ ಬಂದು ಒಳಗಿನ ದಾರವಷ್ಟೇ ಉಳಿಯುತ್ತದೆ. ಅದನ್ನೆಲ್ಲ ಕತ್ತರಿಸಿ, ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿ ಎರಡು ಪಾಲು, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸಿ, ಉಳಿದ ಬೇರಿಗೆ ತಕ್ಕ ಚಿಕ್ಕ ಕುಂಡದಲ್ಲಿ ನೆಡಿ. "ಪಾಪ, ಸೊರಗಿದೆ" ಎಂದು ಬೇರೆ ಗೊಬ್ಬರ ಸುರಿಯಬೇಡಿ. ಬೇರೆಲ್ಲ ಕೊಳೆತು ಮನಿ ಪ್ಲಾಂಟಿನ ಬಳ್ಳಿ ಮಾತ್ರ ಉಳಿದಿದ್ದರೆ ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಡಿ, ಹೊಸ ಬೇರು ಬಿಡುತ್ತದೆ. ಗೆಣ್ಣಿಲ್ಲದ ಬರೀ ಎಲೆಯಿಂದ ಹೊಸ ಬಳ್ಳಿ ಹೊರಡುವುದಿಲ್ಲ.

ಒಮ್ಮೊಮ್ಮೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ನೆನಪಾಗುತ್ತಾನೆ. ಊರಿನ ಕಲ್ಲಿದ್ದಲ ಹೊಗೆಗೆ ಅವನ ತೋಟದ ಜರೀಗಿಡಗಳು ಸಾಯುತ್ತಿದ್ದವು. 1829ರ ಸುಮಾರಿಗೆ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಿದ. ಕೆಲವು ದಿನಕ್ಕೆ ಅದರೊಳಗೆ ಒಂದು ಜರೀಗಿಡ, ಒಂದು ಹುಲ್ಲು ಚಿಗುರಿದವು. ಮಣ್ಣಿನ ತೇವ ಆವಿಯಾಗಿ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಸುಮಾರು ನಾಲ್ಕು ವರ್ಷ ಆ ಎರಡು ಜೀವ ಯಾರ ಉಪಚಾರವೂ ಇಲ್ಲದೆ ಕಿಟಕಿಯಲ್ಲಿ ಸುಖವಾಗಿದ್ದವು. ವಾರ್ಡ್ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಸೇರಿ ಎರಡೂ ಸತ್ತವು. ಅಷ್ಟು ವರ್ಷ ಬಾಳಿದವನ್ನು ಕೊನೆಗೂ ತೆಗೆದದ್ದು ನೀರೇ ಎಂದು ಓದಿದಾಗ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಆದ್ದರಿಂದ ನೀವೂ ಹತ್ತು ದಿನ ಎಲ್ಲಾದರೂ ಹೋಗುವಿರಾದರೆ, ಹೊರಡುವ ಹಿಂದಿನ ದಿನ ಒಣಗಿದ ಕುಂಡಗಳಿಗಷ್ಟೇ ಚೆನ್ನಾಗಿ ನೀರು ಹಾಕಿ, ತಟ್ಟೆ ಬರಿದು ಮಾಡಿ, ಬಿಸಿಲಿನ ಕಿಟಕಿಯಿಂದ ಒಂದು ಮೀಟರ್ ಹಿಂದಕ್ಕೆ ಸರಿಸಿ, ಎಲ್ಲವನ್ನೂ ಒತ್ತೊತ್ತಾಗಿ ಇಡಿ. ಸ್ನೇಕ್ ಪ್ಲಾಂಟ್, ಝಡ್‌ಝಡ್ ನಿಮ್ಮ ದಾರಿ ಕಾಯುವುದೂ ಇಲ್ಲ, ಮೂರು ವಾರ ಹಾಯಾಗಿರುತ್ತವೆ. ಬೀಗದ ಕೈ ಪಕ್ಕದ ಮನೆಗೆ ಕೊಡಲೇಬೇಕಾಗಿ ಬಂದರೆ, ಹೊರಡುವ ಮೊದಲು ಮನೆಯ ಲೋಟಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ.