ಎರಡು ಎಂ.ಎಲ್. ಮದ್ದಿಗೆ ಘಟ್ಟ ಹತ್ತಬೇಕಾ?

ಅರೆತಲೆನೋವಿಗೆ (ಮೈಗ್ರೇನ್) ಹಿಂದಲೆಯ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಇದೆ, ನರ್ವ್ ಬ್ಲಾಕ್ ಅಂತ. ಅದರ ಬಗ್ಗೆ ಇವತ್ತು ಶಿರಸಿಯ ಔಷಧಿ ಅಂಗಡಿಯೆದುರು ಕಿವಿಗೆ ಬಿದ್ದ ಉಪದೇಶ: "ತಲೆಗೆ ಚುಚ್ಚಿಸ್ಕೊಳ್ಬೇಡಿ ಮಾರಾಯ್ರೆ, ಲಕ್ವ ಹೊಡೆದೀತು!" ಕೇಳಿದವರ ಕೈಯಲ್ಲಿ ನೋವಿನ ಮಾತ್ರೆಯ ಎರಡು ಸ್ಟ್ರಿಪ್. ಅದಕ್ಕೆ ಮಾತ್ರ ಯಾರಿಗೂ ಹೆದರಿಕೆಯಿಲ್ಲ! ತಿಂಗಳಿಗೆ 15 ದಿನ ಪ್ಯಾರಾಸಿಟಮಾಲ್, ಇಲ್ಲವೇ 10 ದಿನ ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ.

ನರ್ವ್ ಬ್ಲಾಕ್‌ನ ಸೂಜಿ ಬುರುಡೆಯೊಳಗೆ ಹೋಗುವುದೇ ಇಲ್ಲ. ಹಿಂದಲೆಯ ನಡುವಿನ ಉಬ್ಬಿನಿಂದ ಕಿವಿಯ ಹಿಂದಿನ ಎಲುಬಿಗೆ ಗೆರೆ ಎಳೆದರೆ, ಉಬ್ಬಿನ ಕಡೆಯಿಂದ ಮೂರನೇ ಒಂದು ಪಾಲಿನಲ್ಲಿ ಮರಗಟ್ಟಿಸಬೇಕಾದ ನರ, ಗ್ರೇಟರ್ ಆಕ್ಸಿಪಿಟಲ್. ಮಗ್ಗುಲಲ್ಲೇ ರಕ್ತನಾಳ ಮಿಡಿಯುತ್ತದೆ. ಹಾಗಾಗಿ ಮದ್ದು ಬಿಡುವ ಮೊದಲು ಪಿಸ್ಟನ್ ಹಿಂದಕ್ಕೆಳೆದು ನೋಡಬೇಕು, ರಕ್ತ ಬಂದರೆ ಸೂಜಿಯ ಜಾಗ ಬದಲಿಸಬೇಕು. ಒಂದೊಂದು ಬದಿಗೆ 2-3 ಎಂ.ಎಲ್. ಲಿಗ್ನೋಕೇನ್ ಅಥವಾ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು, ಅಷ್ಟೇ. ಕೆಲವೇ ನಿಮಿಷದಲ್ಲಿ ನೆತ್ತಿಯವರೆಗೆ ಜೋಮು ಹಿಡಿಯಬೇಕು. ಹಿಡಿಯಲಿಲ್ಲವೆಂದರೆ ಮದ್ದು ನರಕ್ಕೆ ತಾಗಿಲ್ಲ. ತಲೆ ತಿರುಗಬಹುದು, ಎದ್ದು ಓಡದೆ ಅರ್ಧ ಗಂಟೆ ಮಲಗಿರಬೇಕು.

ನೋವು ಹಣೆಯಲ್ಲಿ, ಚುಚ್ಚುವುದು ಹಿಂದೆ ಯಾಕೆ? ಕುತ್ತಿಗೆಯ ಮೇಲ್ಭಾಗದ ನರಗಳೂ ಹಣೆ, ಮುಖದ ನೋವು ತಿಳಿಸುವ ಟ್ರೈಜೆಮಿನಲ್ ನರವೂ ಮಿದುಳ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಒಂದನ್ನು ಸುಮ್ಮನಾಗಿಸಿದರೆ ಇನ್ನೊಂದರ ಗಲಾಟೆಯೂ ತಗ್ಗುತ್ತದೆ. ಜೋಮು ಕೆಲವು ಗಂಟೆಯದ್ದು, ಆರಾಮ ಕೆಲವು ದಿನದಿಂದ ಕೆಲವು ವಾರದವರೆಗೆ. ಶಾಶ್ವತ ಪರಿಹಾರ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೈಗ್ರೇನ್ ಬಾರದಂತೆ ದಿನಾ ನುಂಗುವ ಪ್ರೊಪ್ರನೊಲಾಲ್, ಟೋಪಿರಮೇಟ್ ಮಾತ್ರೆ ಬಿಡುವಂತಿಲ್ಲ.

ಇಷ್ಟಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ, ಗೋವಾ ಅಲೆಯಬೇಕು! ಅರೆತಲೆನೋವಿನವರನ್ನು ಅರಬೈಲ್ ಘಟ್ಟದ ತಿರುವಿನಲ್ಲಿ ಕೂರಿಸಿಕೊಂಡು ಹೋಗಿದ್ದೀರಾ? ವಾಂತಿಗೆ ಕವರ್ ಸಾಲುವುದಿಲ್ಲ.

"ತಜ್ಞರು ಬೇಡವಾ?" ಬೇಕು, ರೋಗ ಗುರುತಿಸುವುದಕ್ಕೆ. ಒಮ್ಮೆಲೇ ಸಿಡಿಲಿನಂತೆ ಬಂದ ನೋವು, ಜ್ವರ, ಕೈಕಾಲಿನ ಸೋಲು ಇದ್ದರೆ ಮೊದಲು ತಪಾಸಣೆ. ಹಿಂದಲೆಯ ಎಲುಬಿಗೆ ಆಪರೇಷನ್ ಆಗಿದ್ದರೆ, ಈ ಮದ್ದಿನ ಅಲರ್ಜಿ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಆದರೆ ಎರಡನೇ, ಮೂರನೇ ಸಲಕ್ಕೂ ಅದೇ ದೊಡ್ಡೂರು ಯಾಕೆ? ಸಿಸೇರಿಯನ್‌ಗೆ ಬೆನ್ನುಮೂಳೆಯ ಸಂದಿಗೆ ಸೂಜಿ ಇಳಿಸುವ ಅರಿವಳಿಕೆ ವೈದ್ಯರಿಗೆ ಇದನ್ನು ಕಲಿಸುವುದು ಮಹಾ ಕಷ್ಟವಾ?

ಅಲ್ಲಿಯವರೆಗೆ, ಮೊದಲ ಸಲ ಹೋದಾಗಲೇ ಮದ್ದಿನ ಹೆಸರು, ಶೇಕಡಾವಾರು ಸಾಂದ್ರತೆ, ಎಷ್ಟು ಎಂ.ಎಲ್., ಯಾವ ಬದಿ ಎಲ್ಲ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಸ್ಟಿರಾಯ್ಡ್ ಬೆರೆಸಿದ್ದರೆ ಅದನ್ನೂ. ಮೈಗ್ರೇನ್‌ಗೆ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಚುಚ್ಚಿದಲ್ಲಿ ಕೂದಲು ಉದುರಿ ಚರ್ಮ ಗುಳಿಬೀಳುವುದುಂಟು, ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರುವುದೂ ಉಂಟು.