ಒಂದು ಬಿಲ್ಲಿನಷ್ಟು ದೂರ

ಹೊಟ್ಟೆ ನನಗಿಂತ ಮುಂದೆ ನಡೆಯತೊಡಗಿದಾಗ ಯೋಗ ಶುರು ಮಾಡಿದೆ. ನನ್ನದೊಂದು ಚಾಳಿ, ಏನೇ ಮಾಡಿದರೂ ಬುಡದಿಂದಲೇ ಆಗಬೇಕು. ಹಾಗಾಗಿ ಮ್ಯಾಟ್ ಕೊಳ್ಳುವ ಮೊದಲೇ ಸ್ವಾತ್ಮಾರಾಮರ ‘ಹಠಯೋಗ ಪ್ರದೀಪಿಕೆ’ ತಂದೆ. 15ನೇ ಶತಮಾನದ ಯೋಗ ಗ್ರಂಥ.

ಯೋಗಿಗೆ ಒಂದು ಕುಟೀರ ಬೇಕಂತೆ. ಚಿಕ್ಕ ಬಾಗಿಲು, ಸಗಣಿ ಸಾರಿಸಿದ ನೆಲ. ಒಂದು ಬಿಲ್ಲಿನಷ್ಟು ದೂರದೊಳಗೆ ಕಲ್ಲು, ಬೆಂಕಿ, ನೀರು ಇರಬಾರದು. ಬಿಲ್ಲು ಅಂದರೆ ನಾಲ್ಕು ಮೊಳ, ಸುಮಾರು 6 ಅಡಿ. ಟೇಪ್ ಹಿಡಿದು ಅಳೆದೆ. ನಮ್ಮ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎಲ್ಲಿ ನಿಂತರೂ 6 ಅಡಿಯೊಳಗೆ ಒಂದೋ ಗ್ಯಾಸ್ ಸ್ಟೌ, ಇಲ್ಲಾ ಬಚ್ಚಲು. ಕಲ್ಲಿನ ಮಾತೇ ಬೇಡ, ನೆಲವೇ ಗ್ರಾನೈಟ್. ಚಿಕ್ಕ ಬಾಗಿಲು ಮಾತ್ರ ಶಾಸ್ತ್ರೋಕ್ತವಾಗಿತ್ತು. ಫ್ರಿಜ್ ಒಳಗೆ ತರುವಾಗ ಅದನ್ನು ಬಿಚ್ಚಿಯೇ ತಂದಿದ್ದೆವು.

ಆಮೇಲೆ ಊಟ. ಹುಳಿ, ಖಾರ, ಉಪ್ಪು, ಸೊಪ್ಪು, ಎಳ್ಳು, ಸಾಸಿವೆ, ಇಂಗು, ಬೆಳ್ಳುಳ್ಳಿ, ಮೊಸರು, ಮಜ್ಜಿಗೆ ಯಾವುದೂ ಆಗದು. ಅಂದರೆ ಒಗ್ಗರಣೆಯೇ ಹೋಯಿತು. ಹುರುಳಿಯೂ ಬೇಡವಂತೆ! ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. “ಹುರುಳಿ ಬೇಡ ಅಂದೋನು ಯಾವ ಊರೋನು?” ಅಂದಳು. ಭಾನುವಾರದ ಬಸ್ಸಿಗೆ 3 ಕೆಜಿ ಹುರುಳಿ ಬಂದಿಳಿಯಿತು.

ಆಗುವಂಥದ್ದೂ ಇದೆ: ಅಕ್ಕಿ, ಗೋಧಿ, ಹಾಲು, ತುಪ್ಪ, ಬೆಣ್ಣೆ, ಸಕ್ಕರೆ. ಇಷ್ಟನ್ನೂ ನಮ್ಮ ಡಾಕ್ಟರು ಬೇಡ ಅಂದಿದ್ದರು. ಇಬ್ಬರ ಮಾತನ್ನೂ ಕೇಳಿದರೆ ನನ್ನ ಪಾಲಿಗೆ ಉಳಿಯುವುದು ಹೆಸರುಕಾಳು ಮತ್ತು ಒಣಶುಂಠಿ.

ಸರಿ, ಕಾಲಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಬೇಕು ಅಲ್ವಾ? ಹೊಂದಿಸಿಕೊಂಡೆ. ಮುಂಜಾನೆ ಸ್ನಾನ ಬೇಡ ಅನ್ನುವುದನ್ನು ಸ್ವಾತ್ಮಾರಾಮರಿಂದ ತೆಗೆದುಕೊಂಡೆ. ಅಮಾವಾಸ್ಯೆ, ಹುಣ್ಣಿಮೆಗೆ ರಜೆ ಅನ್ನುವುದನ್ನು ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಿಂದ. ಪತಂಜಲಿಯ ‘ಸ್ಥಿರಸುಖಮಾಸನಂ’ನಲ್ಲಿ ಸುಖವನ್ನು. ಅಭ್ಯಾಸದಲ್ಲಿ ಬಂದ ಬೆವರನ್ನು ಮೈಗೇ ತಿಕ್ಕಿಕೊಳ್ಳಬೇಕು ಅಂತಲೂ ಇತ್ತು. ಅದಕ್ಕೆ ಹೆಂಡತಿ, “ಹಾಗಾದ್ರೆ ಹಾಲ್‌ನಲ್ಲೇ ಮಲಗಿ” ಅಂದಳು. ಕೈಬಿಟ್ಟೆ.

ಮೊನ್ನೆ ಹಲಾಸನ. ಮಂಚಕ್ಕೂ ಬೀರುವಿಗೂ ನಡುವಿನ ಸಂದಿಯಲ್ಲಿ ಅಂಗಾತ ಮಲಗಿ ಕಾಲೆತ್ತಿದೆ. ಕಾಲು ತಲೆಯನ್ನು ದಾಟಿ ಸಲೀಸಾಗಿ ಹೋಯಿತು. ಹೋಗಿದ್ದು ಮಂಚದ ಕೆಳಗೆ. ಅಲ್ಲಿದ್ದ ಸೂಟ್‌ಕೇಸಿನ ಹಿಡಿಯೊಳಗೆ ಹೆಬ್ಬೆರಳು ಸಿಕ್ಕಿಕೊಂಡಿತು. ಗದ್ದ ಎದೆಗೆ ಒತ್ತಿಕೊಂಡಿದ್ದರಿಂದ ಕೂಗಿದರೆ ‘ಹ್ಞೂ ಹ್ಞೂ’ ಅಂತಷ್ಟೇ ಬರುತ್ತಿತ್ತು. ಹೆಂಡತಿ ಬಾಗಿಲಲ್ಲಿ ಇಣುಕಿ, ಪ್ರಾಣಾಯಾಮ ಅಂದುಕೊಂಡು, ತೊಂದರೆ ಕೊಡಬಾರದು ಅಂತ ಮೆತ್ತಗೆ ಬಾಗಿಲು ಹಾಕಿಕೊಂಡು ಹೋದಳು.

ಹತ್ತು ನಿಮಿಷ ಬಿಟ್ಟು ಮಗಳು ಬಂದು ಸೂಟ್‌ಕೇಸ್ ಎಳೆದಳು. ಜೊತೆಗೆ ನಾನೂ ಬಂದೆ.

ಇವತ್ತು ಬೆಳಿಗ್ಗೆ ಹಾಸಿಗೆಯಿಂದಲೇ, “ಈವತ್ತು ಅಮಾವಾಸ್ಯೆ ಕಣೇ, ರಜೆ” ಅಂದೆ. ಹೆಂಡತಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿ ತಂದು ಹೊದಿಕೆಯ ಮೇಲಿಟ್ಟಳು. ಪಂಚಮಿ.